ಹಿಮದಿಂದ ಮರಳಿಗೆ ಇಳಿಯುವ ಸೈಕಲ್ ಹಾದಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಯೂಟಾ ಎಂಬುದೊಂದು ರಾಜ್ಯ. ಅದರ ಆಗ್ನೇಯ ಭಾಗದಲ್ಲಿ, ಕೊಲೊರಾಡೊ ನದಿಯ ಸಮೀಪದಲ್ಲಿ, ಮೋಆಬ್ ಎಂಬ ಚಿಕ್ಕ ಪಟ್ಟಣವಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 4,000 ಅಡಿ. ವರ್ಷಕ್ಕೆ ಬೀಳುವ ಮಳೆ ಸುಮಾರು 9 ಅಂಗುಲ. ಸುತ್ತಲೂ ಕೆಂಪು ಬಂಡೆ, ಕೆಂಪು ಮರಳು. ಬೇಸಗೆಯಲ್ಲಿ ಬೆಂಕಿಯಂಥ ಬಿಸಿಲು. ಇಂಥ ಊರಿನಲ್ಲಿ ನಿಂತು ಪೂರ್ವದ ಕಡೆಗೆ ಕಣ್ಣೆತ್ತಿದರೆ ಜೂನ್ ತಿಂಗಳಲ್ಲಿಯೂ ಹಿಮದ ಬಿಳಿಯ ಪಟ್ಟೆಗಳು ಕಾಣುವುದುಂಟು. ಅವು ಲಾ ಸಾಲ್ ಪರ್ವತಗಳು. ಸ್ಪ್ಯಾನಿಷ್ ಭಾಷೆಯಲ್ಲಿ ‘ಲಾ ಸಾಲ್’ ಎಂದರೆ ಉಪ್ಪು. ಆ ಸಾಲಿನಲ್ಲಿ ಎಲ್ಲಕ್ಕೂ ಎತ್ತರವಾದ ಪೀಲ್ ಶಿಖರ 12,721 ಅಡಿ ಎತ್ತರವಿದೆ.

ಈ ಹಿಮಕ್ಕೂ ಆ ಮರಳಿಗೂ ನಡುವೆ ಒಂದು ಸೈಕಲ್ ಹಾದಿ ಇದೆ. ‘ಹೋಲ್ ಎಂಚಿಲಾಡ’ ಎಂಬುದು ಅದರ ಹೆಸರು. ಎಂಚಿಲಾಡ ಎಂಬುದು ಮೆಕ್ಸಿಕೋ ದೇಶದವರು ಜೋಳದ ರೊಟ್ಟಿಯನ್ನು ಸುರುಳಿ ಸುತ್ತಿ ಮಾಡುವ ಒಂದು ಖಾದ್ಯ. ಅದನ್ನು ಪೂರ್ತಿ ತಿನ್ನುವುದೆಂದರೆ, ಅಮೆರಿಕದವರ ಆಡುಮಾತಿನಲ್ಲಿ, ಏನನ್ನೂ ಬಿಡದೆ ಎಲ್ಲವನ್ನೂ ಪಡೆದಂತೆ. ಹೆಸರು ತಮಾಷೆಯದಾದರೂ ಹಾದಿಗೆ ತಕ್ಕುದಾಗಿದೆ. ಸುಮಾರು 11,150 ಅಡಿ ಎತ್ತರದ ಬರೋ ಕಣಿವೆಯಿಂದ ಹೊರಟು ಸುಮಾರು 40 ಕಿಲೋಮೀಟರ್ ದೂರದಲ್ಲಿ ಅದು ಕೊಲೊರಾಡೊ ನದಿಯ ದಡವನ್ನು ಮುಟ್ಟುತ್ತದೆ. ಇಳಿತ 7,000 ಅಡಿಗೂ ಮಿಕ್ಕದ್ದು. ನಮ್ಮ ಮುಳ್ಳಯ್ಯನಗಿರಿಯ ತುದಿಯಿಂದ ಕಡಲತೀರದವರೆಗೆ ಒಂದೇ ಓಟದಲ್ಲಿ ಇಳಿದರೂ ಇಷ್ಟಾಗದು. ಸವಾರರು ಸಾಮಾನ್ಯವಾಗಿ ಸೈಕಲನ್ನು ಮೋಟಾರಿನ ಮೇಲೇರಿಸಿಕೊಂಡು ಹೋಗಿ ಮೇಲಿನಿಂದ ಕೆಳಕ್ಕೆ ಬರುತ್ತಾರೆ. ಹಿಮ ಕರಗಿ ಕಣಿವೆ ತೆರೆಯುವುದು ಬಹುಮಟ್ಟಿಗೆ ಜುಲೈ ಸುಮಾರಿಗೆ. ಈ ಹಾದಿಯಲ್ಲಿ ನಾವೂ ಒಮ್ಮೆ ಮನಸ್ಸಿನಲ್ಲಿಯೇ ಇಳಿದು ನೋಡೋಣ. ಭೌತವಿಜ್ಞಾನ, ಭೂವಿಜ್ಞಾನ, ಸಸ್ಯವಿಜ್ಞಾನ ಮೂರೂ ಅಲ್ಲಿ ಸಾಲಾಗಿ ನಮಗೆ ಎದುರಾಗುತ್ತವೆ.

ಮೊದಲು ಕಣಿವೆಯ ನೆತ್ತಿಯ ಗಾಳಿಯ ಮಾತು. ಅಲ್ಲಿನ ವಾಯುಭಾರ ಸಮುದ್ರಮಟ್ಟದ ವಾಯುಭಾರದ ನೂರರಲ್ಲಿ 66 ಪಾಲು ಮಾತ್ರ. ಮೋಆಬಿನಲ್ಲಿ ಅದು ನೂರರಲ್ಲಿ 86 ಪಾಲು. ಆದುದರಿಂದ ಮೇಲೆ ಒಂದೊಂದು ಉಸಿರಿಗೂ ನಮಗೆ ದೊರೆಯುವ ಆಮ್ಲಜನಕ ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು. ಅಲ್ಪ ದೂರ ಏರುವುದಕ್ಕೂ ಏದುಸಿರು ಬರುವುದು ಇದರಿಂದಲೇ.

ಸೈಕಲ್ಲಿನ ಚಕ್ರಕ್ಕೂ ಈ ವಾಯುಭಾರದ ಬಿಸಿ ತಟ್ಟದೆ ಇರುವುದಿಲ್ಲ. ಮೋಆಬಿನಲ್ಲಿ 35 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಚದರ ಅಂಗುಲಕ್ಕೆ 25 ಪೌಂಡು ಬರುವಂತೆ ಟೈರಿಗೆ ಗಾಳಿ ತುಂಬಿದೆವೆನ್ನಿ. ಮಾಪಕ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಹೊರಗಿನದು 12.7 ಪೌಂಡಾದುದರಿಂದ ಒಳಗಿನ ನಿಜವಾದ ಒತ್ತಡ 37.7 ಪೌಂಡು. ಕಣಿವೆಯಲ್ಲಿ ಹೊರಗಿನದು 9.7ಕ್ಕೆ ಇಳಿಯುತ್ತದೆ. ಉಷ್ಣತೆ ಬದಲಾಗದಿದ್ದರೆ ಮಾಪಕ 28 ಎನ್ನಬೇಕಾಗಿತ್ತು. ಆದರೆ ಮೇಲೆ ಚಳಿ. ಉಷ್ಣತೆ 14 ಡಿಗ್ರಿ ಕಡಿಮೆಯಾಗಿ 21ಕ್ಕೆ ಬಂದಿರುತ್ತದೆ. ಗೇ-ಲುಸಾಕನ ನಿಯಮದ ಪ್ರಕಾರ ಒಳಗಿನ ಗಾಳಿಯ ಒತ್ತಡವೂ 308ಕ್ಕೆ 294ರ ಪ್ರಮಾಣದಲ್ಲಿ ಕುಗ್ಗಿ 36 ಪೌಂಡಾಗುತ್ತದೆ. ಅದರಲ್ಲಿ 9.7 ಕಳೆದರೆ ಉಳಿದದ್ದು 26.3. ಎತ್ತರ ಏರಿಸಿದ್ದನ್ನು ಚಳಿ ಬಹುಪಾಲು ಇಳಿಸಿಬಿಟ್ಟಿತು. ಈಗ ವಾಚಕರು ಇದನ್ನೇ ತಿರುವುಮುರುವಾಗಿ ಲೆಕ್ಕಹಾಕಬೇಕು: ಕಣಿವೆಯಲ್ಲಿ 25 ತುಂಬಿಕೊಂಡು ಹೊರಟವನ ಟೈರಿನಲ್ಲಿ ನದಿಯ ದಡದಲ್ಲಿ ಎಷ್ಟಿರುತ್ತದೆ? 24ಕ್ಕೂ ಸ್ವಲ್ಪ ಕಡಿಮೆಯೆಂಬ ಉತ್ತರ ಬಂದರೆ ಲೆಕ್ಕ ಸರಿ. ಚೂಪು ಕಲ್ಲುಗಳ ಭಾಗ ಬರುವುದು ಕೊನೆಯಲ್ಲಿಯೇ ಆದುದರಿಂದ ಈ ಒಂದು ಪೌಂಡು ತೀರ ಉಪೇಕ್ಷಿಸತಕ್ಕದ್ದಲ್ಲ.

ಈಗ ಹಾದಿ ಕಾಡಿನೊಳಗೆ ನುಗ್ಗುತ್ತದೆ. ಮರಳುಗಾಡಿನ ನಡುವೆ ಕಾಡು ಹೇಗೆ ಬಂದಿತು? ಗಾಳಿ ಮೇಲಕ್ಕೆ ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಸರಾಸರಿ ಒಂದು ಕಿಲೋಮೀಟರ್ ಏರಿಕೆಗೆ ಆರೂವರೆ ಡಿಗ್ರಿ. ತಣಿದ ಗಾಳಿ ತನ್ನಲ್ಲಿರುವ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹಿಮವಾಗಿಯೋ ಮಳೆಯಾಗಿಯೋ ಇಳಿಸಿಬಿಡುತ್ತದೆ. ಊರಿನಲ್ಲಿ ಬೀಳುವುದರ ಎರಡು ಮೂರು ಪಟ್ಟು ನೀರು ಬೆಟ್ಟದ ಮೇಲೆ ಬೀಳುವುದು ಈ ಕಾರಣದಿಂದ. ಅಲ್ಲಿ ಬಿದ್ದದ್ದು ಬೇಗ ಆರಿಹೋಗುವುದೂ ಇಲ್ಲ. 1889ರಲ್ಲಿ ಸಿ. ಹಾರ್ಟ್ ಮೆರಿಯಮ್ ಎಂಬ ಜೀವವಿಜ್ಞಾನಿ ಇದೇ ಪ್ರಸ್ಥಭೂಮಿಯ ಇನ್ನೊಂದು ಅಂಚಿನಲ್ಲಿ, ಅರಿಜೋನದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳ ಮೇಲೆ, ಒಂದರ ಮೇಲೊಂದು ಬಳೆ ತೊಡಿಸಿದಂತೆ ಸಸ್ಯವಲಯಗಳಿರುವುದನ್ನು ಕಂಡು ವಿವರಿಸಿದನು. ದಕ್ಷಿಣದಿಂದ ಉತ್ತರಕ್ಕೆ ಸಾವಿರಾರು ಮೈಲಿ ಪ್ರಯಾಣ ಮಾಡಿದರೆ ಕಾಣುವ ಸಸ್ಯವರ್ಗಗಳು ಒಂದೇ ಬೆಟ್ಟವನ್ನು ಹತ್ತಿದರೆ ಕಾಣುತ್ತವೆಂಬುದು ಅವನ ಅಭಿಪ್ರಾಯ. ಉಷ್ಣತೆಯೊಂದೇ ಇದಕ್ಕೆ ಸಾಲದು, ತೇವವೂ ಇಳಿಜಾರಿನ ದಿಕ್ಕೂ ಮುಖ್ಯವೆಂದು ಅನಂತರದವರು ತಿದ್ದಿದರು. ಆದರೂ ಚಿತ್ರ ಸ್ಥೂಲವಾಗಿ ನಿಂತಿದೆ.

ಸೈಕಲ್ ಸವಾರನು ಈ ಬಳೆಗಳನ್ನು ತಲೆಕೆಳಗಾಗಿ ಓದುತ್ತಾನೆ. ಮೊದಲು ಸ್ಪ್ರೂಸ್ ಮತ್ತು ಫರ್ ಮರಗಳ ಕತ್ತಲು. ನೆಲ ಕಪ್ಪು, ತೇವ, ಬೇರುಗಳಿಂದ ತುಂಬಿದ್ದು. ಅನಂತರ ಬಿಳಿಯ ಕಾಂಡದ ಆಸ್ಪೆನ್ ಮರಗಳ ತೋಪು. ಆಸ್ಪೆನ್ ವಿಚಿತ್ರವಾದ ಮರ. ಒಂದೇ ಬೇರಿನಿಂದ ನೂರಾರು ಕಾಂಡಗಳು ಮೇಲೆದ್ದು ತೋಪಿನಂತೆ ತೋರಬಹುದು. ಯೂಟಾದಲ್ಲಿಯೇ, ಇಲ್ಲಿಂದ ಪಶ್ಚಿಮಕ್ಕಿರುವ ಫಿಶ್‌ಲೇಕ್ ಕಾಡಿನಲ್ಲಿ, ಸುಮಾರು 43 ಹೆಕ್ಟೇರು ಹಬ್ಬಿ ಸುಮಾರು 47,000 ಕಾಂಡಗಳನ್ನು ಹೊತ್ತಿರುವ ಒಂದೇ ಒಂದು ಆಸ್ಪೆನ್ ಇದೆ. ತೋಪು ಮುಗಿದೊಡನೆ ಗಿಡ್ಡ ಓಕ್ ಪೊದೆಗಳು. ಅವುಗಳ ಕೆಳಗೆ ಪಿನ್ಯನ್ ಪೈನ್ ಮತ್ತು ಜೂನಿಪರ್ ಎಂಬ ಕುಳ್ಳು ಮರಗಳು, ಒಂದಕ್ಕೊಂದು ನೀರಿಗಾಗಿ ಜಗಳವಾಡಿ ದೂರ ದೂರ ನಿಂತಂತೆ. ಅಲ್ಲಿಗೆ ಕಾಡು ಮುಗಿಯಿತು. ಮುಂದೆ ಬಂಡೆ.

ಲಾ ಸಾಲ್ ಬೆಟ್ಟಗಳು ಅಗ್ನಿಶಿಲೆಯವು. ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾದ್ರವವು ಕೆಳಗಿನಿಂದ ಮೇಲಕ್ಕೆ ನುಗ್ಗಿ, ಹೊರಕ್ಕೆ ಬರಲಾರದೆ, ಪದರಗಲ್ಲುಗಳ ನಡುವೆ ಗುಮ್ಮಟದಂತೆ ಉಬ್ಬಿ ಅಲ್ಲಿಯೇ ಗಟ್ಟಿಯಾಯಿತು. ಮೇಲಿನ ಹೊದಿಕೆ ಸವೆದುಹೋದ ಮೇಲೆ ಆ ಗುಮ್ಮಟವೇ ಬೆಟ್ಟವಾಗಿ ಕಂಡಿತು. ಕೆಳಗಿನ ಬಂಡೆಯ ಕಥೆ ಇದಕ್ಕಿಂತ ಬಹಳ ಹಳೆಯದು. ನವಾಹೊ ಮರಳುಗಲ್ಲೆಂದು ಕರೆಯುವ ಈ ಕಲ್ಲು ಸುಮಾರು ಹತ್ತೊಂಬತ್ತು ಕೋಟಿ ವರ್ಷಗಳ ಹಿಂದೆ ಗಾಳಿ ಒಟ್ಟಿದ ಮರಳುದಿಬ್ಬವಾಗಿತ್ತು. ಅಂದಿನ ಮರುಭೂಮಿ ಇಂದಿನ ಮರುಭೂಮಿಯ ನೆಲಗಟ್ಟಾಗಿದೆ. ಬಂಡೆಯ ಮೈಮೇಲೆ ಓರೆಯಾಗಿ ಎಳೆದಂಥ ಗೆರೆಗಳನ್ನು ನೋಡಿದರೆ ಆ ದಿಬ್ಬಗಳ ಇಳಿಜಾರುಗಳೇ ಕಲ್ಲಾಗಿ ನಿಂತಿವೆಯೆಂದು ತಿಳಿಯುತ್ತದೆ. ಅಂದು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂಬುದನ್ನೂ ಅವುಗಳಿಂದ ಹೇಳಬಹುದು.

ಈ ಬಂಡೆಯ ಬಯಲಿಗೆ ‘ಸ್ಲಿಕ್‌ರಾಕ್’, ಎಂದರೆ ಜಾರುಬಂಡೆ, ಎಂದು ಹೆಸರು. ಮೋಆಬಿನ ಪಕ್ಕದಲ್ಲಿಯೇ ಇದರ ಮೇಲೆ ಸುಮಾರು 10 ಮೈಲಿ ಉದ್ದದ ಪ್ರಸಿದ್ಧವಾದ ಹಾದಿಯೊಂದಿದೆ. 1969ರಲ್ಲಿ ಅದನ್ನು ಗುರುತಿಸಿದ್ದು ಮೋಟಾರ್ ಸೈಕಲ್ಲುಗಳಿಗಾಗಿ. ಕಾಲಿನಿಂದ ತುಳಿಯುವ ಸೈಕಲ್ಲುಗಳು ಬಂದದ್ದು ಅನಂತರ. ಮಣ್ಣಿಲ್ಲದ ಕಡೆ ಹಾದಿ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಬಂಡೆಯ ಮೇಲೆ ಬಿಳಿಯ ಬಣ್ಣದ ತುಂಡುಗೆರೆಗಳನ್ನು ಬಳಿದಿದ್ದಾರೆ. ವಿನೋದವೆಂದರೆ ಜಾರುಬಂಡೆ ಸೈಕಲ್ಲಿಗೆ ಜಾರುವುದೇ ಇಲ್ಲ. ಈ ಹೆಸರು ಕುದುರೆಯ ಕಾಲದ್ದು. ಲಾಳದ ಕಬ್ಬಿಣಕ್ಕೆ ಈ ಕಲ್ಲು ಜಾರುತ್ತಿತ್ತು.

ಇದರ ಗುಟ್ಟು ಘರ್ಷಣೆಯಲ್ಲಿದೆ. ಇಳಿಜಾರಿನಲ್ಲಿಟ್ಟ ವಸ್ತು ಜಾರದೆ ನಿಲ್ಲಬೇಕಾದರೆ ಇಳಿಜಾರಿನ ಕೋನದ ಸ್ಪರ್ಶಕವು ಘರ್ಷಣಾಂಕಕ್ಕಿಂತ ಹೆಚ್ಚಾಗಿರಬಾರದು. ಕಬ್ಬಿಣಕ್ಕೂ ಕಲ್ಲಿಗೂ ನಡುವಣ ಘರ್ಷಣಾಂಕ 0.3 ಎಂದಿಟ್ಟುಕೊಂಡರೆ 17 ಡಿಗ್ರಿ ಓರೆಯಲ್ಲಿಯೇ ಕುದುರೆಗೆ ಕಾಲು ಜಾರಬೇಕು. ರಬ್ಬರಿಗೆ 0.8 ಎಂದಿಟ್ಟುಕೊಂಡರೆ 38 ಡಿಗ್ರಿಗೂ ಮೀರಿ ನಿಲ್ಲಬಹುದು. ಮೆತ್ತನೆಯ ರಬ್ಬರು ಮರಳಿನ ಕಣಗಳ ಉಬ್ಬುತಗ್ಗುಗಳಿಗೆ ತನ್ನ ಮೈಯನ್ನು ಒಗ್ಗಿಸಿ ಕಚ್ಚಿಕೊಳ್ಳುವುದರಿಂದ ಈ ಹಿಡಿತ. ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು: ಒರಟಾದ ಕಲ್ಲುಚಪ್ಪಡಿಯ ಮೇಲೆ ರಬ್ಬರಿನ ಚಪ್ಪಲಿಯನ್ನೂ ಕಬ್ಬಿಣದ ತುಂಡನ್ನೂ ಇಟ್ಟು ಚಪ್ಪಡಿಯ ಒಂದು ಅಂಚನ್ನು ನಿಧಾನವಾಗಿ ಎತ್ತುತ್ತ ಹೋದರೆ ಯಾವುದು ಮೊದಲು ಹೊರಡುವುದೆಂದು ಕಾಣುತ್ತದೆ. ಆಮೇಲೆ ಚಪ್ಪಡಿಯ ಮೇಲೆ ಚಿಟಿಕೆ ಒಣಮರಳನ್ನು ಉದುರಿಸಿ ಮತ್ತೆ ಎತ್ತಿರಿ. ಚಪ್ಪಲಿ ಬಹಳ ಬೇಗ ಜಾರುತ್ತದೆ. ಸವಾರರು ಬೀಳುವುದು ಸಾಮಾನ್ಯವಾಗಿ ಇಂಥ ಮರಳು ಚೆಲ್ಲಿದ ತಿರುವಿನಲ್ಲಿಯೇ.

ಬಂಡೆಯ ಗುಳಿಗಳಲ್ಲಿ ಮಳೆಯ ನೀರು ಕೆಲವು ದಿನ ನಿಲ್ಲುತ್ತದೆ. ಚಕ್ರವನ್ನು ಅದರಲ್ಲಿ ಹಾಯಿಸಬಾರದೆಂದು ಅಲ್ಲಿ ಎಚ್ಚರಿಸುತ್ತಾರೆ, ಏಕೆಂದರೆ ಆ ನೀರಿನಲ್ಲಿ ಒಂದು ಜಾತಿಯ ಸಣ್ಣ ಸೀಗಡಿಗಳು ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು, ನೀರು ಆರುವುದರೊಳಗೆ ಬಾಳನ್ನು ಮುಗಿಸುತ್ತವೆ. ಮೊಟ್ಟೆಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು.

ಇಳಿತದಲ್ಲಿ ಸೋಲುವ ಶಕ್ತಿಯ ಲೆಕ್ಕವನ್ನೂ ಇಲ್ಲಿಯೇ ನೋಡಿಬಿಡೋಣ. ಸವಾರನೂ ಸೈಕಲ್ಲೂ ಸೇರಿ 90 ಕಿಲೋಗ್ರಾಂ ತೂಕ, ಒಟ್ಟು ಇಳಿತ 2,180 ಮೀಟರ್. ಇವೆರಡನ್ನೂ 9.8ನ್ನೂ ಗುಣಿಸಿದರೆ 19 ಲಕ್ಷ ಜೂಲ್‌ಗಳಾಗುತ್ತವೆ. 20 ಡಿಗ್ರಿಯ ನೀರು ಐದೂವರೆ ಲೀಟರಿಗೂ ಹೆಚ್ಚನ್ನು 100 ಡಿಗ್ರಿಗೆ ಕಾಯಿಸಲು ಇಷ್ಟು ಸಾಕು. ಈ ಶಕ್ತಿಯೆಲ್ಲ ಬ್ರೇಕಿನಲ್ಲಿ, ಟೈರಿನಲ್ಲಿ, ಗಾಳಿಯ ತಡೆಯಲ್ಲಿ, ಹಾದಿಯ ಮಣ್ಣಿನಲ್ಲಿ ಹಂಚಿಹೋಗಬೇಕು. 1976ರಿಂದ ಕ್ಯಾಲಿಫೋರ್ನಿಯದ ಟ್ಯಾಮಲ್ಪೈಸ್ ಬೆಟ್ಟದ ಬಳಿ ಕೆಲವು ತರುಣರು ಹಳೆಯ ಭಾರದ ಸೈಕಲ್ಲುಗಳಲ್ಲಿ 1,300 ಅಡಿ ಇಳಿಯುವ ಪಂದ್ಯಗಳನ್ನು ನಡೆಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಚಕ್ರದ ಗುಂಬದೊಳಗೆ ಹಿಡಿಯುವ ಬ್ರೇಕು ಅವಕ್ಕಿತ್ತು. ಒಂದು ಇಳಿತದಲ್ಲಿಯೇ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲವೂ ಗುಂಬವನ್ನು ಬಿಚ್ಚಿ ಗ್ರೀಸನ್ನು ಮತ್ತೆ ತುಂಬಬೇಕಾಗಿತ್ತು. ‘ರೀಪ್ಯಾಕ್’, ಮರುತುಂಬು, ಎಂದೇ ಆ ಪಂದ್ಯಕ್ಕೆ ಹೆಸರಾಯಿತು. ಅಲ್ಲಿ ಸೋತ ಬ್ರೇಕುಗಳಿಂದಲೂ ಮುರಿದ ಚೌಕಟ್ಟುಗಳಿಂದಲೂ ಪಾಠ ಕಲಿತು, 1977ರಲ್ಲಿ ಜೋ ಬ್ರೀಜ್ ಎಂಬವನು ಇದಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದನು. ಬೆಟ್ಟದ ಸೈಕಲ್ಲಿನ ವಂಶ ಬೆಳೆದದ್ದು ಹೀಗೆ. ಮೋಆಬಿನಲ್ಲಿ ಅದಕ್ಕೆ ಹಾದಿಗಳು ಸಿದ್ಧವಾಗಿಯೇ ಇದ್ದವು. 1952ರಲ್ಲಿ ಚಾರ್ಲಿ ಸ್ಟೀನ್ ಎಂಬವನು ಆ ಸೀಮೆಯಲ್ಲಿ ಯುರೇನಿಯಮಿನ ಶ್ರೀಮಂತ ನಿಕ್ಷೇಪವನ್ನು ಕಂಡುಹಿಡಿದ ಮೇಲೆ ಅದಿರು ಹುಡುಕುವವರು ಬಂಡೆ ಕಣಿವೆಗಳಲ್ಲೆಲ್ಲ ಜೀಪಿನ ದಾರಿ ಕಡಿದಿದ್ದರು. 1980ರ ದಶಕದಲ್ಲಿ ಗಣಿಯ ಕೆಲಸ ಕುಸಿದಾಗ ಊರಿಗೆ ಅನ್ನವಿಟ್ಟದ್ದರಲ್ಲಿ ಸೈಕಲ್ಲೂ ಒಂದು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ಬಂಡೆಗಳ ನಡುವಣ ಮರಳು ನೆಲವನ್ನು ಬಗ್ಗಿ ನೋಡಿದರೆ ಅದು ಬರಿಯ ಮರಳಲ್ಲವೆಂದು ಗೊತ್ತಾಗುತ್ತದೆ. ಮೇಲ್ಮೈ ಕಪ್ಪಗೆ, ಸುಟ್ಟ ರೊಟ್ಟಿಯಂತೆ, ಪುಟ್ಟ ಪುಟ್ಟ ಗೋಪುರಗಳೆದ್ದು ನಿಂತಿರುತ್ತದೆ. ಇದು ಜೀವವಿರುವ ಹೊರಪದರ. ಇದರ ಮುಖ್ಯ ಶಿಲ್ಪಿ ಮೈಕ್ರೊಕೋಲಿಯಸ್ ಎಂಬ ನೂಲಿನಂಥ ಸಯನೋಬ್ಯಾಕ್ಟೀರಿಯ. ಹಿಂದೆ ಇವನ್ನು ನೀಲಿಹಸಿರು ಪಾಚಿಗಳೆಂದು ಕರೆಯುತ್ತಿದ್ದರು. ಇದರ ನೂಲುಗಳು ಅಂಟಾದ ಕೊಳವೆಯೊಳಗೆ ಇರುತ್ತವೆ. ಮಳೆಯ ನೀರು ತಾಕಿದರೆ ನೂಲು ಉಬ್ಬಿ ಕೊಳವೆಯಿಂದ ಹೊರಕ್ಕೆ ಸರಿದು ಮುಂದೆ ಹೊಸ ಕೊಳವೆಯನ್ನು ನೇಯುತ್ತದೆ. ನೀರು ಆರಿದರೆ ಅಲ್ಲಿಯೇ ಸುಪ್ತವಾಗುತ್ತದೆ. ಬಿಟ್ಟುಹೋದ ಹಳೆಯ ಕೊಳವೆಗಳು ಮರಳಿನ ಕಣಗಳನ್ನು ಕಟ್ಟಿಹಿಡಿದಿರುತ್ತವೆ. ಇವುಗಳ ಜೊತೆಗೆ ಕಲ್ಲುಹೂವುಗಳೂ ಹಾವಸೆಗಳೂ ಬಂದು ಸೇರುತ್ತವೆ. ಈ ಕೂಟದ ಕೆಲವು ಸದಸ್ಯರು ಗಾಳಿಯ ಸಾರಜನಕವನ್ನು ಹಿಡಿದು ಗಿಡಗಳಿಗೆ ಒದಗುವಂತೆ ಮಾಡುತ್ತಾರೆ. ನಮ್ಮ ಹೊಲಗಳಲ್ಲಿ ಅವರೆ, ಹುರುಳಿಗಳ ಬೇರಿನ ಗಂಟುಗಳು ಮಾಡುವ ಕೆಲಸ ಅಲ್ಲಿ ಈ ಕರಿಯ ಪದರಕ್ಕೆ ಸೇರಿದ್ದು.

ಇಂಥ ಪದರ ಒಣಗಿದ್ದಾಗ ಗಾಜಿನಂತೆ. ಒಂದು ಹೆಜ್ಜೆಗೆ, ಒಂದು ಚಕ್ರಕ್ಕೆ, ಪುಡಿಯಾಗುತ್ತದೆ. ಪುಡಿಯಾದ ತುಂಡುಗಳನ್ನು ಮರಳು ಮುಚ್ಚಿದರೆ ಬೆಳಕಿಲ್ಲದೆ ಅವು ಸಾಯುತ್ತವೆ. ಸಯನೋಬ್ಯಾಕ್ಟೀರಿಯ ಕೆಲವು ವರ್ಷಗಳಲ್ಲಿ ಮರಳಿ ಬಂದರೂ ಕಲ್ಲುಹೂವು, ಹಾವಸೆಗಳು ಮತ್ತೆ ನೆಲೆಗೊಳ್ಳಲು ಅನೇಕ ದಶಕಗಳು ಬೇಕು. ತೀರ ಒಣಗಿದ ಎಡೆಗಳಲ್ಲಿ ಒಂದು ಶತಮಾನವೂ ಸಾಲದು. ಮೋಆಬಿನಲ್ಲಿ ಬಹುಕಾಲ ಕೆಲಸ ಮಾಡಿದ ಜೇನ್ ಬೆಲ್ನಾಪ್ ಎಂಬ ವಿಜ್ಞಾನಿ ಈ ವಿಷಯವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಹೆಜ್ಜೆಗೂ ಚಕ್ರಕ್ಕೂ ಒಂದು ಭೇದವುಂಟು. ಹೆಜ್ಜೆಗಳು ಬಿಡಿಬಿಡಿಯಾದ ಗುಳಿಗಳು. ಚಕ್ರದ ಗುರುತು ಎಡೆಬಿಡದ ಗೆರೆ. ಇಳಿಜಾರಿನಲ್ಲಿ ಅದು ತಾನಾಗಿಯೇ ಕಾಲುವೆಯಾಗುತ್ತದೆ.

ಪದರ ಹರಿದರೆ ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ಬಿಡುಗಡೆಯಾದ ನವುರು ಧೂಳನ್ನು ವಸಂತದ ಗಾಳಿ ಎತ್ತಿ ಪೂರ್ವದ ಪರ್ವತಗಳ ಮೇಲಿನ ಹಿಮದ ಮೇಲೆ ಹರಡುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚನ್ನು ಹಿಂದಿರುಗಿಸುತ್ತದೆ. ಕಂದುಧೂಳು ಬಿದ್ದ ಹಿಮ ಬಿಸಿಲನ್ನು ಹೀರಿಕೊಂಡು ಬೇಗ ಕರಗುತ್ತದೆ. ಕೊಲೊರಾಡೊ ರಾಜ್ಯದ ಸ್ಯಾನ್ ಹ್ವಾನ್ ಪರ್ವತಗಳ ಸರೋವರಗಳ ಕೆಸರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆಗಾರರೂ ಅವರ ದನಕುರಿಗಳೂ ಬಂದ ಮೇಲೆ ಧೂಳಿನ ಬೀಳಿಕೆ ಹಿಂದಿನ ಸಹಸ್ರಾರು ವರ್ಷಗಳ ಸರಾಸರಿಗಿಂತ ನೂರಕ್ಕೆ 500ರಷ್ಟು ಏರಿತೆಂದು ತೋರಿಸಿತು. 2010ರ ಇನ್ನೊಂದು ಲೆಕ್ಕದ ಪ್ರಕಾರ ಈ ಧೂಳಿನಿಂದ ಹಿಮದ ಕರಗುವಿಕೆ ಸುಮಾರು ಮೂರು ವಾರ ಮುಂಚಿತವಾಗಿ, ಕೊಲೊರಾಡೊ ನದಿಯ ವರ್ಷದ ನೀರಿನಲ್ಲಿ ನೂರಕ್ಕೆ ಸುಮಾರು 5 ಪಾಲು ಕಡಿಮೆಯಾಗುತ್ತದೆ. ಹಿಮ ಬೇಗ ಹೋದರೆ ನೆಲವೂ ಗಿಡಗಳೂ ಹೆಚ್ಚು ದಿನ ನೀರನ್ನು ಆವಿಮಾಡುವುದೇ ಇದಕ್ಕೆ ಕಾರಣ. ಆ ನದಿಯನ್ನು ನಂಬಿದವರು ಸುಮಾರು ನಾಲ್ಕು ಕೋಟಿ ಜನ.

ಈ ಅಪರಾಧವನ್ನೆಲ್ಲ ಸೈಕಲ್ಲಿನ ತಲೆಗೆ ಕಟ್ಟುವುದು ಅನ್ಯಾಯ. ದೊಡ್ಡ ಪಾಲು ಮೇವಿಗೆ ಬಿಟ್ಟ ಹಿಂಡುಗಳದು, ಅನಂತರ ದಾರಿಗಳದು, ಮೋಟಾರುಗಳದು. 1994ರಲ್ಲಿ ಪ್ರಕಟವಾದ ಮೊಂಟಾನ ಸೀಮೆಯ ಒಂದು ಪ್ರಯೋಗದಲ್ಲಿ, ನೆನೆದ ಹಾದಿಯಿಂದ ಕುದುರೆಯ ಗೊರಸೂ ಮನುಷ್ಯನ ಪಾದವೂ ಸೈಕಲ್ಲಿನ ಚಕ್ರಕ್ಕಿಂತ ಹೆಚ್ಚು ಮಣ್ಣನ್ನು ಸಡಿಲಿಸಿದ್ದು ಕಂಡುಬಂದಿತು. ಆದರೆ ಅದು ಆಗಲೇ ಇದ್ದ ಹಾದಿಯ ಮೇಲೆ. ಹಾದಿಯಿಂದ ನಾಲ್ಕು ಅಡಿ ಪಕ್ಕಕ್ಕೆ ಸರಿದ ಮೊದಲ ಚಕ್ರದ ಲೆಕ್ಕವೇ ಬೇರೆ. ಕೆಸರನ್ನೋ ಕಲ್ಲನ್ನೋ ತಪ್ಪಿಸಲು ಒಬ್ಬ ಪಕ್ಕಕ್ಕೆ ಸರಿದರೆ ಹಿಂದಿನವನು ಅದೇ ಗೆರೆಯನ್ನು ಹಿಡಿಯುತ್ತಾನೆ; ವರ್ಷ ತುಂಬುವುದರೊಳಗೆ ಒಂದು ಹಾದಿ ಎರಡಾಗುತ್ತದೆ.

ಆದುದರಿಂದ ಹಾದಿ ಕಟ್ಟುವವನ ಜಾಣತನವಿರುವುದು ಸವಾರನಿಗೆ ಹೊರಗೆ ಹೋಗಲು ಮನಸ್ಸಾಗದಂತೆ ಮಾಡುವುದರಲ್ಲಿ, ನೀರು ಒಳಗೆ ನಿಲ್ಲದಂತೆ ಮಾಡುವುದರಲ್ಲಿ. ನೀರಿನ ಬಲವನ್ನು ನೆನೆಯಬೇಕು. ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ತೂಕವು ವೇಗದ ಆರನೆಯ ಘಾತವನ್ನು ಅನುಸರಿಸುತ್ತದೆ. ಬೆಟ್ಟದ ನೆತ್ತಿಯಿಂದ ಬುಡಕ್ಕೆ ನೇರವಾಗಿ ಇಳಿಸಿದ ಹಾದಿ ಒಂದೆರಡು ಮಳೆಗಾಲಗಳಲ್ಲಿ ಹಳ್ಳವಾಗುವುದು ಇದರಿಂದ. ಬೆಟ್ಟವನ್ನು ಅಡ್ಡಹಾಯುವ ಹಾದಿಗೆ ಒಂದು ಸರಳವಾದ ಸೂತ್ರವಿದೆ: ಹಾದಿಯ ಇಳಿತ ಅದು ಹಾಯುವ ಇಳಿಜಾರಿನ ಅರ್ಧವನ್ನು ಮೀರಬಾರದು. ಇಳಿಜಾರು ನೂರಕ್ಕೆ 16 ಆಗಿದ್ದರೆ ಹಾದಿ ನೂರಕ್ಕೆ 8. ಮೀರಿದರೆ ನೀರು ಹಾದಿಯನ್ನು ಅಡ್ಡ ದಾಟುವ ಬದಲು ಅದರ ಉದ್ದಕ್ಕೂ ಓಡಲು ತೊಡಗುತ್ತದೆ. ಇಳಿಜಾರು ಎಷ್ಟೇ ಕಡಿದಾದರೂ ಒಟ್ಟು ಸರಾಸರಿ ನೂರಕ್ಕೆ 10ನ್ನು ದಾಟದಿರುವುದು ಒಳ್ಳೆಯದೆಂದು ಅನುಭವಿಗಳ ಮಾತು. ಹಾದಿಯ ಹೊರ ಅಂಚನ್ನು ನೂರಕ್ಕೆ ಐದರಷ್ಟು ತಗ್ಗಿಸಿಡುತ್ತಾರೆ. ಬಿದ್ದ ನೀರು ತೆಳುವಾದ ಹಾಳೆಯಂತೆ ಹರಡಿ ಕೆಳಕ್ಕೆ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಚಕ್ರಗಳು ನಡುವೆ ತಗ್ಗು ಮಾಡಿಯೇ ಮಾಡುತ್ತವೆ. ಅದಕ್ಕಾಗಿ ಇಳಿಯುವ ಹಾದಿಯನ್ನು ಅಲ್ಲಲ್ಲಿ ನಾಲ್ಕಾರು ಗಜ ಮೇಲಕ್ಕೇರಿಸಿ ಮತ್ತೆ ಇಳಿಸುತ್ತಾರೆ. ಓಡಿಬಂದ ನೀರು ಏರಲಾರದೆ ತಗ್ಗಿನಲ್ಲಿ ಪಕ್ಕಕ್ಕೆ ತಿರುಗಿ ಹೊರಟುಹೋಗುತ್ತದೆ. ಓಡಿಬಂದ ಸವಾರನಾದರೋ ತನ್ನ ಚಲನಶಕ್ತಿಯಿಂದಲೇ ಏರನ್ನು ದಾಟಿ, ನೆತ್ತಿಯಲ್ಲಿ ಕ್ಷಣಕಾಲ ಮೈ ಹಗುರಾದ ಸುಖವನ್ನು ಅನುಭವಿಸುತ್ತಾನೆ. ತಾನು ದಾಟಿದ್ದು ಒಂದು ಚರಂಡಿಯನ್ನೆಂದು ಅವನಿಗೆ ತಿಳಿಯುವುದೇ ಇಲ್ಲ.